ಕಟ್ಟಬಾರದ ಕಡೆ ಕಟ್ಟುವ ಸುಣ್ಣ: ಯಾವ ತಡೆ ಯಾರಿಗೆ?

ಸಿಂಧನೂರಿನ ನಮ್ಮ ಅಕ್ಕನ ಮನೆಯಲ್ಲಿ ಪಡಸಾಲೆಯ ಗೋಡೆಗೆ ಒಂದು ಗೂಡು ಇದೆ. ಮೊದಲು ಅದರಲ್ಲಿ ಚಿಮಣಿ ಇಡುತ್ತಿದ್ದರು, ಈಗ ಔಷಧಿ ಇಡುತ್ತಾರೆ. ಬಲಗಡೆ ಅಕ್ಕನವು: ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎಡಗಡೆ ಅವಳ ಮಗನದೊಂದು ಸಿರಪ್ ಬಾಟಲಿ: ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಅವನಿಗೆ ಹೋದ ವರ್ಷ ಕಿಡ್ನಿಯಲ್ಲಿ ಹರಳಾಗಿತ್ತು. ಮೇ ತಿಂಗಳ ಒಂದು ಸಂಜೆ ಕರೆಂಟು ಹೋಗಿ ಎಲ್ಲರೂ ಅಂಗಳದಲ್ಲಿ ಕುಳಿತಿದ್ದಾಗ ಅಕ್ಕ ಒಳಗೆ ಹೋಗಿ ಎಡಗಡೆಯ ಬಾಟಲಿ ಮತ್ತು ಒಂದು ಚಮಚ ಹಿಡಿದುಕೊಂಡು ಬಂದಳು. "ನನ್ನ ನರದಲ್ಲೂ ಸುಣ್ಣ ಕಟ್ಟಿದೆ ಎಂದು ಡಾಕ್ಟರು ಹೇಳಿದರಲ್ಲ, ಇದು ಸುಣ್ಣ ಕರಗಿಸುವುದಂತೆ" ಎಂದಳು. ಮೊಬೈಲಿನ ಬೆಳಕಿನಲ್ಲಿ ಚೀಟಿ ಓದಿದೆ. ಪೊಟ್ಯಾಸಿಯಂ ಸಿಟ್ರೇಟ್, ಮೆಗ್ನೀಶಿಯಂ ಸಿಟ್ರೇಟ್. ನಾನು ಚಮಚ ಕಿತ್ತುಕೊಂಡ ರೀತಿಗೆ ಅಕ್ಕ ಎರಡು ದಿನ ಮಾತು ಬಿಟ್ಟಳು.

ಮಗನಿಗೆ ಅದು ಸರಿಯಾದ ಔಷಧಿ. ತಾಯಿಗೆ ಅದೇ ವಿಷ. ಕೆಲಸ ಮಾಡದ ಕಿಡ್ನಿ ಪೊಟ್ಯಾಸಿಯಂ ಅನ್ನು ಹೊರಹಾಕುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಿ ನಿಂತುಬಿಡಬಹುದು.

ಇದಾದ ವಾರಕ್ಕೆ ಅಕ್ಕನ ಅದೇ ಮಗ, ಅಂದರೆ ನನ್ನ ಅಳಿಯ, ಒಂದು ಜಾಹೀರಾತು ಕಳುಹಿಸಿದ. ಎಡಗಡೆ ಸುಣ್ಣಗಟ್ಟಿದ ನಲ್ಲಿ, ಬಲಗಡೆ ಹೊಳೆಯುವ ನಲ್ಲಿ, ನಡುವೆ ವಿಟಮಿನ್ ಕೆ2 ಹನಿಗಳ ಶೀಸೆ. "ಮಾಮಾ, ಇದಾದರೂ ಅವ್ವನಿಗೆ ಆದೀತೇ?" ಎಂದು ಕೇಳಿದ್ದ. ನಾನು ವೈದ್ಯನಲ್ಲ. ಉಷ್ಣ ವಿದ್ಯುತ್ ಸ್ಥಾವರವೊಂದರ ನೀರಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ರಾಯಚೂರಿನಲ್ಲಿ ನಿವೃತ್ತಿಯ ದಿನ ಕಳೆಯುತ್ತಿರುವವನು. ಆದರೆ ಸುಣ್ಣ ಕಟ್ಟದಂತೆ ತಡೆಯುವುದೇ ನನ್ನ ಸಂಬಳದ ಕೆಲಸವಾಗಿತ್ತು, ಮತ್ತು ಅಲ್ಲಿ ನಾನು ಬಳಸಿದ ರಾಸಾಯನಿಕಗಳಲ್ಲಿ ಮೂರು ಔಷಧಿ ಅಂಗಡಿಯಲ್ಲೂ ಸಿಗುವಂಥವು. ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಕೊಟ್ಟಿದ್ದೇನೆ. ಯಾವುದನ್ನೂ ಇದನ್ನು ಓದಿ ಕೊಳ್ಳಬೇಡಿ. ಓದಿಕೊಂಡು ವೈದ್ಯರನ್ನು ಕೇಳಿ.

ಯಾವ ಸುಣ್ಣ, ಎಲ್ಲಿಯ ಸುಣ್ಣ

ನಮ್ಮ ಕಡೆ ಬೋರಿನ ನೀರು ಕಾಯಿಸುವ ಹಂಡೆಯ ಒಳಮೈಯನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿ. ಚಕ್ಕೆ ಚಕ್ಕೆಯಾಗಿ ಏಳುವ ಆ ಬಿಳಿ ಕಟ್ಟು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಸುಂಯ್ ಎಂದು ನೊರೆಯೆದ್ದು ಕರಗುತ್ತದೆ. ಕಿಡ್ನಿಯ ಹರಳು ಹೆಚ್ಚಿನವರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್. ನಿಂಬೆ ಹಿಂಡಿದರೆ ಅದು ಮಿಸುಕುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಕೂರುವುದು ಕ್ಯಾಲ್ಸಿಯಂ ಫಾಸ್ಫೇಟ್, ಎಲುಬು ಮತ್ತು ಹಲ್ಲು ಯಾವುದರಿಂದ ಆಗಿವೆಯೋ ಅದೇ ಜಾತಿಯದು. ಮೂರಕ್ಕೂ ನಾವು ಸುಣ್ಣ ಎನ್ನುತ್ತೇವೆ. ಜಾಹೀರಾತಿನವನ ವ್ಯಾಪಾರ ನಡೆಯುವುದೇ ಆ ಒಂದು ಪದದ ಮೇಲೆ.

ಅಕ್ಕನ ಕೈಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದ್ದೇನೆ. ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡದವರೆಗೆ ಎರಡು ತೆಳು ಬಿಳಿ ಗೆರೆಗಳು ಜೊತೆಜೊತೆಯಾಗಿ ಸಾಗಿದ್ದವು, ಗುಂತಕಲ್ ಮಾರ್ಗದ ಹಳಿಗಳನ್ನು ಮೇಲ್ಸೇತುವೆಯಿಂದ ನೋಡಿದ ಹಾಗೆ. ಎಲುಬಿಲ್ಲದ ಜಾಗದಲ್ಲಿ ಎಲುಬಿನ ಬಣ್ಣ. ಅದು ರಕ್ತನಾಳದ ನಡುಪದರದಲ್ಲಿ ಕೂತ ಕ್ಯಾಲ್ಸಿಯಂ ಫಾಸ್ಫೇಟ್. ನಾಳ ಮುಚ್ಚಿಹೋಗಿರುವುದಿಲ್ಲ, ಗಡುಸಾಗಿರುತ್ತದೆ; ರಬ್ಬರ್ ಕೊಳವೆಯಂತೆ ಹಿಗ್ಗಿ ಕುಗ್ಗಬೇಕಾದದ್ದು ಪಿವಿಸಿ ಪೈಪಾಗಿರುತ್ತದೆ. ಆಗ ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ದುಡಿಯಬೇಕು.

ಅಚ್ಚರಿ ಬೇರೆಯೇ ಇದೆ. ಎಲುಬಿನ ಖನಿಜದ ಲೆಕ್ಕದಲ್ಲಿ ನೋಡಿದರೆ ಆರೋಗ್ಯವಂತರ ರಕ್ತವೂ ಕರಗುವ ಮಿತಿಯನ್ನು ಮೀರಿದ ದ್ರಾವಣ. ನನ್ನ ಪ್ರಯೋಗಾಲಯಕ್ಕೆ ಅಂಥ ನೀರು ಬಂದಿದ್ದರೆ ಅಂದೇ ಸಂಜೆ ಕೊಳವೆ ಕಟ್ಟುತ್ತದೆ ಎಂದು ಬರೆಯುತ್ತಿದ್ದೆ. ಆದರೂ ಕಟ್ಟುವುದಿಲ್ಲ, ಏಕೆಂದರೆ ದೇಹ ತನ್ನದೇ ತಡೆಗಳನ್ನು ಸದಾ ತಯಾರಿಸುತ್ತಿರುತ್ತದೆ: ಪೈರೋಫಾಸ್ಫೇಟ್ ಎಂಬ ಪುಟ್ಟ ಅಣು, ಯಕೃತ್ತಿನಿಂದ ಬರುವ ಫೆಟುಯಿನ್‌-ಎ, ನಾಳದ ಗೋಡೆಯಲ್ಲೇ ಹುಟ್ಟುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್. 1997ರಲ್ಲಿ ಈ ಕೊನೆಯದರ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿದಾಗ ಅವು ಎರಡು ತಿಂಗಳೊಳಗೆ ಸತ್ತವು. ಸುಣ್ಣಗಟ್ಟಿದ ಮಹಾಅಪಧಮನಿ ಒಡೆದುಹೋಗಿತ್ತು. ಅಂದರೆ ಕಟ್ಟದೆ ಇರುವುದು ತಾನಾಗಿ ಆಗುವ ಸಂಗತಿಯಲ್ಲ, ಹಗಲಿರುಳೂ ಕಾವಲು ಬೇಕು. ಕಿಡ್ನಿ ಕೈಕೊಟ್ಟವರಲ್ಲಿ ರಕ್ತದ ಫಾಸ್ಫೇಟ್ ಏರುತ್ತದೆ, ಕಾವಲುಗಾರರು ಕಡಿಮೆಯಾಗುತ್ತಾರೆ. ಪೈರೋಫಾಸ್ಫೇಟ್ ಅನ್ನಂತೂ ಡಯಾಲಿಸಿಸ್ ಯಂತ್ರವೇ ತೊಳೆದುಬಿಡುತ್ತದೆ.

ಬಾಯ್ಲರಿಗೂ ದೇಹಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಬಾಯ್ಲರಿನಲ್ಲಿ ಎಲ್ಲಿಯೂ ಸುಣ್ಣ ಬೇಡ. ದೇಹದಲ್ಲಿ ಎಲುಬಿನಲ್ಲಿ ಬೇಕು, ಪಕ್ಕದ ನಾಳದಲ್ಲಿ ಬೇಡ. ಒಂದು ಔಷಧಿ ಎಷ್ಟು ಬಲವಾಗಿ ತಡೆಯುತ್ತದೆ ಎಂದು ಕೇಳುವುದಕ್ಕಿಂತ, ಎಲುಬನ್ನು ಬಿಟ್ಟು ತಡೆಯಬಲ್ಲುದೇ ಎಂದು ಕೇಳುವುದು ಜಾಣತನ. ಕೆಳಗಿನ ಹೋಲಿಕೆಯಲ್ಲಿ ನಾನು ಹಿಡಿದಿರುವ ಅಳತೆಗೋಲು ಇದೇ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ: ಇವುಗಳಲ್ಲಿ ಯಾವುದೂ ನಾಳದಲ್ಲಿ ಕೂತುಬಿಟ್ಟ ಸುಣ್ಣವನ್ನು ಹಂಡೆ ತೊಳೆದಂತೆ ತೊಳೆಯುವುದಿಲ್ಲ. ಬಾಯ್ಲರನ್ನಾದರೆ ನಿಲ್ಲಿಸಿ ಆಮ್ಲ ಹರಿಸುತ್ತಿದ್ದೆವು.

ಹರಳಿನವರಿಗೆ ಸಿಟ್ರೇಟ್

ಮೂತ್ರದಲ್ಲಿನ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಆಕ್ಸಲೇಟಿಗೆ ಸಿಗದಂತೆ ಮಾಡುತ್ತದೆ, ಹುಟ್ಟಿದ ಹರಳು ಬೆಳೆಯದಂತೆಯೂ ತಡೆಯುತ್ತದೆ. ಮೂತ್ರದಲ್ಲಿ ಸಿಟ್ರೇಟ್ ಕಡಿಮೆ ಇರುವವರಿಗೆ, ಮೇಲಿಂದ ಮೇಲೆ ಕ್ಯಾಲ್ಸಿಯಂ ಹರಳಾಗುವವರಿಗೆ ಪೊಟ್ಯಾಸಿಯಂ ಸಿಟ್ರೇಟ್ ಕೊಡುವುದು ಬಹುಕಾಲದ ಪದ್ಧತಿ. ಈ ಇಡೀ ಪಟ್ಟಿಯಲ್ಲಿ ಪುರಾವೆ ಗಟ್ಟಿಯಾಗಿರುವುದು ಇದಕ್ಕೇ. ಯೂರಿಕ್ ಆಮ್ಲದ ಹರಳಾಗಿದ್ದರೆ ಮೂತ್ರದ ಹುಳಿ ಇಳಿಸಿ ನಿಜಕ್ಕೂ ಕರಗಿಸಬಲ್ಲದು. "ಕಲ್ಲು ಕರಗಿಸುವ ಸಿರಪ್" ಎಂಬ ಹೆಸರು ಅಲ್ಲಿಗೆ ಮಾತ್ರ ಸಲ್ಲುತ್ತದೆ. ಕ್ಯಾಲ್ಸಿಯಂ ಹರಳು ಕರಗುವುದಿಲ್ಲ, ಮುಂದಿನದು ಹುಟ್ಟುವುದು ತಡವಾಗುತ್ತದೆ. ಹರಳು ಕ್ಯಾಲ್ಸಿಯಂ ಫಾಸ್ಫೇಟಿನದೋ ಸೋಂಕಿನಿಂದ ಆದದ್ದೋ ಆಗಿದ್ದರೆ ಮೂತ್ರದ ಕ್ಷಾರ ಹೆಚ್ಚಿ ಕೆಡುಕೂ ಆಗಬಹುದು. ಹಾಗಾಗಿ ಹೊರಬಿದ್ದ ಹರಳನ್ನು ಚರಂಡಿಗೆ ಚೆಲ್ಲದೆ ಪರೀಕ್ಷೆಗೆ ಕೊಡುವುದು ಲೇಸು. ಅಳಿಯ ಅದನ್ನು ಕಾಗದದಲ್ಲಿ ಸುತ್ತಿ ಒಂದು ತಿಂಗಳು ಜೇಬಿನಲ್ಲಿಟ್ಟುಕೊಂಡು ಗಿರಣಿಯವರಿಗೆಲ್ಲ ತೋರಿಸಿದ, ಪರೀಕ್ಷೆಗೆ ಮಾತ್ರ ಕೊಟ್ಟಿರಲಿಲ್ಲ.

ಸಿರಪ್ಪಿಗೆ ಎದುರಾಗಿ ನಿಲ್ಲಬಲ್ಲ ಇನ್ನೊಂದು ಆಯ್ಕೆ ನೀರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಏಪ್ರಿಲ್‌-ಮೇನಲ್ಲಿ ನಮ್ಮ ಬಿಸಿಲಿಗೆ ಬೆವರಿಗೇ ಅರ್ಧ ಹೋಗುತ್ತದೆ. ಹೊಲದಲ್ಲಿ ದುಡಿಯುವವರು ಮೂತ್ರದ ಬಣ್ಣ ತಿಳಿಯಾಗಿರುವಂತೆ ನೋಡಿಕೊಂಡರೆ ಲೆಕ್ಕ ಇಡುವ ಅಗತ್ಯವಿಲ್ಲ. ನಿಂಬೆಹಣ್ಣಿನ ಪಾನಕದಲ್ಲೂ ಸಿಟ್ರೇಟ್ ಇದೆ, ಸಿರಪ್ಪಿನಷ್ಟಲ್ಲ. ಉಪ್ಪು ಕಮ್ಮಿ ಹಾಕಿ ಕುಡಿಯಿರಿ. ಹರಳಾದವರು ಹಾಲು-ಮೊಸರು ಬಿಡಬೇಕೆಂಬ ಮಾತು ತಪ್ಪು. 2002ರಲ್ಲಿ ಇಟಲಿಯಿಂದ ಬಂದ ಐದು ವರ್ಷಗಳ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಬಿಟ್ಟವರಿಗಿಂತ ಕ್ಯಾಲ್ಸಿಯಂ ಎಂದಿನಂತೆ ತಿಂದು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಲ್ಲಿ ಹರಳು ಮರುಕಳಿಸಿದ್ದು ಸುಮಾರು ಅರ್ಧದಷ್ಟು ಮಾತ್ರ. ಊಟದಲ್ಲಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. ಇದೇ ಕಾರಣಕ್ಕೆ ಗಡಸು ನೀರು ಕುಡಿದರೆ ಹರಳಾಗುತ್ತದೆ ಎಂಬ ನಂಬಿಕೆಗೂ ನಾನು ಅಷ್ಟಾಗಿ ಬೆಲೆ ಕೊಡುವುದಿಲ್ಲ.

ಕಿಡ್ನಿ ಕುಗ್ಗಿದವರು ಮೇಲಿನ ಎರಡು ಪ್ಯಾರಾಗಳನ್ನು ಪೂರ್ತಿ ಮರೆಯಬೇಕು: ಅವರಿಗೆ ಪೊಟ್ಯಾಸಿಯಂ ಕೂಡದು, ನೀರಿಗೂ ಮಿತಿ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಸಿಟ್ರೇಟ್ ಹೊಟ್ಟೆಯಲ್ಲಿನ ಅಲ್ಯೂಮಿನಿಯಂ ಅನ್ನು ರಕ್ತಕ್ಕೆ ಎಳೆದೊಯ್ಯುತ್ತದೆ. ಹೊಟ್ಟೆಯುರಿಗೆಂದು ಕುಡಿಯುವ ಬಿಳಿ ಜೆಲ್‌ಗಳಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುತ್ತದೆ. ಕಿಡ್ನಿ ರೋಗಿಗೆ ಈ ಎರಡೂ ಸೇರಿದರೆ ಮಿದುಳಿಗೂ ಎಲುಬಿಗೂ ಹಾನಿ.

ಡಯಾಲಿಸಿಸ್‌ನವರಿಗೆ: ತಡೆಗಿಂತ ಮೊದಲು ಸರಕು

ಸ್ಥಾವರದಲ್ಲಿ ನಾವು ರಾಸಾಯನಿಕ ಸುರಿಯುವ ಮೊದಲು ನೀರನ್ನೇ ಮೃದು ಮಾಡುತ್ತಿದ್ದೆವು. ಇಲ್ಲಿಯೂ ಹಾಗೆಯೇ. ಸುಣ್ಣ ಕಟ್ಟಲು ಎರಡು ಸರಕು ಬೇಕು: ಕ್ಯಾಲ್ಸಿಯಂ, ಫಾಸ್ಫೇಟ್. ಊಟದ ಫಾಸ್ಫೇಟನ್ನು ಕರುಳಿನಲ್ಲೇ ಹಿಡಿದಿಡುವ ಮಾತ್ರೆಗಳನ್ನು ಬೈಂಡರ್ ಎನ್ನುತ್ತಾರೆ. ಇವು ಹರಳು ತಡೆಯುವ ಸಂಯುಕ್ತಗಳಲ್ಲ, ಸರಕು ಕಡಿಮೆ ಮಾಡುವಂಥವು. ಆದರೂ ಅಕ್ಕನಂಥವರ ಮುಂದೆ ನಿಜವಾಗಿ ಇರುವ ಆಯ್ಕೆ ಇಲ್ಲಿಯದೇ, ಉಳಿದವು ಬಹಳಷ್ಟು ಇನ್ನೂ ಸಂಶೋಧನೆಯಲ್ಲಿವೆ.

ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಅಸಿಟೇಟ್ ಅಗ್ಗ, ಎಲ್ಲ ಕಡೆ ಸಿಗುತ್ತವೆ. ಕೊರತೆ ಹೆಸರಿನಲ್ಲೇ ಇದೆ: ಒಂದು ಸರಕನ್ನು ಹಿಡಿಯಲು ಇನ್ನೊಂದು ಸರಕನ್ನೇ ಒಳಗೆ ಕಳುಹಿಸುತ್ತೇವೆ. ಸೆವೆಲಾಮರ್ ಎಂಬ ಇನ್ನೊಂದು ಬೈಂಡರಿನಲ್ಲಿ ಕ್ಯಾಲ್ಸಿಯಂ ಇಲ್ಲ; ಅದು ದೇಹದೊಳಗೆ ಹೀರಿಕೊಳ್ಳದ ಒಂದು ಪಾಲಿಮರ್. 2002ರಲ್ಲಿ ಪ್ರಕಟವಾದ ಇನ್ನೂರು ಡಯಾಲಿಸಿಸ್ ರೋಗಿಗಳ ಹೋಲಿಕೆಯಲ್ಲಿ ಎರಡೂ ಬಗೆಯ ಮಾತ್ರೆಗಳು ಫಾಸ್ಫೇಟನ್ನು ಒಂದೇ ಮಟ್ಟಕ್ಕೆ ಇಳಿಸಿದವು, ಆದರೆ ನಾಳಗಳ ಸುಣ್ಣ ಹೆಚ್ಚುತ್ತ ಹೋದದ್ದು ಕ್ಯಾಲ್ಸಿಯಂ ಮಾತ್ರೆಯವರಲ್ಲಿ. 2017ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಕ್ಯಾಲ್ಸಿಯಂ ಬೈಂಡರುಗಳ ಪ್ರಮಾಣವನ್ನು ಮಿತಿಗೊಳಿಸಿ ಎಂದಿತು. ಸೆವೆಲಾಮರ್ ದುಬಾರಿ, ಮಾತ್ರೆ ದಪ್ಪ, ಮಲಬದ್ಧತೆ ತರುತ್ತದೆ. ನನ್ನನ್ನು ಕೇಳಿದರೆ, ಎಕ್ಸ್‌ರೇಯಲ್ಲಿ ಹಳಿ ಕಾಣಿಸಿದವರಿಗೆ ಖರ್ಚು ಮಾಡಬಹುದಾದ ಜಾಗ ಇದು, ಕೆ2 ಹನಿಗಳಲ್ಲ. ಜನೌಷಧಿ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಯಾವ ಬೈಂಡರ್ ಎಂಬುದಕ್ಕಿಂತ ಯಾವಾಗ ನುಂಗುತ್ತೀರಿ ಎಂಬುದು ದೊಡ್ಡದು. ಅಕ್ಕ ಎರಡು ವರ್ಷ ತನ್ನ ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿ ಮಲಗುವಾಗ ನುಂಗಿದ್ದಳು, ಎಲುಬಿನ ಶಕ್ತಿಗೆಂದು. ಹಾಗೆ ನುಂಗಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಹಿಡಿಯಲು ಫಾಸ್ಫೇಟೇ ಇರುವುದಿಲ್ಲ. ಕ್ಯಾಲ್ಸಿಯಂ ನೇರ ರಕ್ತಕ್ಕೆ ಸೇರುತ್ತದೆ. ರೊಟ್ಟಿಯ ಮೊದಲ ತುತ್ತಿನ ಜೊತೆಗೆ ನುಂಗಿದರೆ ಅದು ತಡೆ, ಮೂರು ತಾಸು ಬಿಟ್ಟು ನುಂಗಿದರೆ ಅದೇ ಗಾರೆ.

ಊಟದ ಮಾತು ಬಂದಾಗ: ಜೋಳ, ತೊಗರಿಯಂಥ ಕಾಳುಗಳಲ್ಲಿನ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿದ್ದು ನಮ್ಮ ಕರುಳು ಅದನ್ನು ಪೂರ್ತಿ ಹೀರಿಕೊಳ್ಳಲಾರದು. ಕೋಲಾ ಪಾನೀಯ ಮತ್ತು ಪೊಟ್ಟಣದ ತಿನಿಸುಗಳಿಗೆ ಸೇರಿಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಒಳಸೇರುತ್ತದೆ. ಬಳ್ಳಾರಿಯ ಸಂಜೆ ಗಾಡಿಯಲ್ಲಿ ಮಿರ್ಚಿ ಜೊತೆ ಕಪ್ಪು ಪಾನೀಯದ ಬಾಟಲಿ ಹಿಡಿಯುವವರಿಗೆ ವೈದ್ಯರು ಮಿರ್ಚಿಯ ಮೇಲೆ ಕಣ್ಣು ಬಿಡುತ್ತಾರೆ. ಬಿಡಬೇಕಾದದ್ದು ಬಾಟಲಿಯ ಮೇಲೆ.

ಹರಳಿನ ಮೈಗೆ ಅಂಟಿಕೊಳ್ಳುವವು

ಈಗ ನನ್ನ ಪ್ರೀತಿಯ ಭಾಗ. ನೀರಿಗೆ ಕೆಲವೇ ಚಿಟಿಕೆ ಪಾಲಿಫಾಸ್ಫೇಟ್ ಹಾಕಿದರೆ ಕೊಳವೆಯಲ್ಲಿ ಸುಣ್ಣ ಕಟ್ಟದು ಎಂಬುದು 1930ರ ದಶಕದಿಂದ ಎಂಜಿನಿಯರುಗಳಿಗೆ ಗೊತ್ತಿತ್ತು. ಕ್ಯಾಲ್ಸಿಯಂ ಎಷ್ಟಿದೆಯೋ ಅಷ್ಟು ಹಾಕಬೇಕಿಲ್ಲ, ಅದರ ನೂರರಲ್ಲೊಂದು ಪಾಲು ಸಾಕು. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದಿಲ್ಲ. ಆಗತಾನೇ ಹುಟ್ಟಿದ ಹರಳಿನ ಬೆಳೆಯುವ ಅಂಚಿನ ಮೇಲೆ ಕೂತುಬಿಡುತ್ತದೆ. ಗೋಡೆ ಕಟ್ಟುವಾಗ ಕೊನೆಯ ಇಟ್ಟಿಗೆಯ ಮೇಲೆ ಯಾರೋ ಕುಳಿತರೆ ಮುಂದಿನ ಇಟ್ಟಿಗೆ ಇಡಲು ಜಾಗ ಎಲ್ಲಿ?

ಸ್ವಿಟ್ಜರ್ಲೆಂಡಿನ ವೈದ್ಯ ಹರ್ಬರ್ಟ್ ಫ್ಲೈಶ್ 1960ರ ದಶಕದ ಆರಂಭದಲ್ಲಿ ಇದೇ ಕೆಲಸವನ್ನು ಮನುಷ್ಯನ ಮೂತ್ರ ಮತ್ತು ರಕ್ತದಲ್ಲಿ ಪೈರೋಫಾಸ್ಫೇಟ್ ಮಾಡುತ್ತಿದೆ ಎಂದು ಕಂಡುಕೊಂಡರು. ಹಾಗಾದರೆ ಅದನ್ನೇ ಮಾತ್ರೆಯಾಗಿ ನುಂಗಬಹುದಲ್ಲ? ಆಗದು. ಬಾಯಿಂದ ಕೊಟ್ಟರೆ ಬಹಳಷ್ಟು ಒಡೆದುಹೋಗುತ್ತದೆ, ರಕ್ತದಲ್ಲಿಯೂ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅದನ್ನು ಬೇಗ ಕತ್ತರಿಸುತ್ತದೆ. ಅದು ಈಗ ಸಾಮಾನ್ಯರ ಕೈಗೆ ಸಿಗುವುದು ಹಲ್ಲಿನ ಗಾರೆ ತಡೆಯುವ ಟೂತ್‌ಪೇಸ್ಟಿನಲ್ಲಿ. ಅಲ್ಲಿ ಅದು ಹೇಳಿಮಾಡಿಸಿದ ಆಯ್ಕೆ: ಬೇಕಾದ ಜಾಗದಲ್ಲೇ ಇದ್ದು, ಕೆಲಸ ಮುಗಿದ ಮೇಲೆ ಉಗುಳಿಬಿಡುತ್ತೇವೆ.

ಕಿಣ್ವ ಕತ್ತರಿಸುವುದು ಎರಡು ರಂಜಕಗಳ ನಡುವಿನ ಆಮ್ಲಜನಕದ ಕೊಂಡಿಯನ್ನು. ಅಲ್ಲಿ ಇಂಗಾಲ ಕೂರಿಸಿದರೆ ಕತ್ತರಿ ಓಡುವುದಿಲ್ಲ. ಹಾಗೆ ಬಂದವೇ ಬಿಸ್‌ಫಾಸ್ಫೊನೇಟುಗಳು, 1969ರಲ್ಲಿ ಇವುಗಳ ಜೈವಿಕ ಗುಣ ಪ್ರಕಟವಾಯಿತು. ಮೊದಲನೆಯದು ಎಟಿಡ್ರೊನೇಟ್. ಸ್ಥಾವರದ ಕೂಲಿಂಗ್ ಟವರಿನ ನೀರಿಗೆ ಹಾಕಲು ನೀಲಿ ಡ್ರಮ್ಮುಗಳಲ್ಲಿ ಬರುತ್ತಿದ್ದ ಎಚ್‌ಇಡಿಪಿ ಮತ್ತು ಈ ಎಟಿಡ್ರೊನಿಕ್ ಆಮ್ಲ ಒಂದೇ ಅಣು. ವರ್ಷಗಟ್ಟಲೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆದು ಹಾಕಿದ್ದನ್ನು ಒಂದು ದಿನ ಔಷಧಿಗಳ ಪುಸ್ತಕದಲ್ಲಿ ಕಂಡಾಗ ಹಳೆಯ ಸಹೋದ್ಯೋಗಿಯನ್ನು ಸೂಟುಬೂಟಿನಲ್ಲಿ ನೋಡಿದಂತಾಯಿತು.

ಎಟಿಡ್ರೊನೇಟ್ ನಿಜಕ್ಕೂ ತಡೆಯುತ್ತದೆ. ತೊಂದರೆ ಏನೆಂದರೆ ಎಲುಬನ್ನೂ ತಡೆಯುತ್ತದೆ. ಹೆಚ್ಚು ಪ್ರಮಾಣದಲ್ಲಿ ಹೆಚ್ಚು ಕಾಲ ಕೊಟ್ಟವರಲ್ಲಿ ಹೊಸ ಎಲುಬಿಗೆ ಖನಿಜ ತುಂಬದೆ ಮೆತ್ತಗಾಯಿತು, ಮುರಿಯಿತು. ಆದ್ದರಿಂದ ಇಂದು ಅದರ ಜಾಗ ಸಣ್ಣದು: ಹುಟ್ಟಿನಿಂದಲೇ ಪೈರೋಫಾಸ್ಫೇಟ್ ಕೊರತೆಯಿರುವ ಅಪರೂಪದ ಕಾಯಿಲೆಗಳು, ಸೊಂಟದ ಕೀಲು ಬದಲಿಸಿದ ಮೇಲೆ ಸ್ನಾಯುವಿನಲ್ಲಿ ಎಲುಬು ಬೆಳೆಯುವ ಸಂದರ್ಭ. ಅದರ ತಮ್ಮಂದಿರಾದ ಅಲೆಂಡ್ರೊನೇಟ್, ಜೊಲೆಡ್ರೊನೇಟ್ ಎಲುಬು ಸವೆಯುವುದನ್ನು ನಿಲ್ಲಿಸುವ ಔಷಧಿಗಳಾಗಿ ಹೆಸರು ಮಾಡಿವೆ. ಆ ಸಣ್ಣ ಪ್ರಮಾಣದಲ್ಲಿ ಅವು ಖನಿಜ ತುಂಬುವುದನ್ನು ತಡೆಯುವುದಿಲ್ಲ. ಹಾಗೆಯೇ ನಾಳದ ಸುಣ್ಣ ತಡೆಯುತ್ತವೆಂದು ನಂಬಿ ತೆಗೆದುಕೊಳ್ಳುವಂತೆಯೂ ಇಲ್ಲ. ಕಿಡ್ನಿ ತೀರಾ ಕುಗ್ಗಿದವರಿಗೆ ಇವನ್ನು ಸಾಮಾನ್ಯವಾಗಿ ಕೊಡುವುದೂ ಇಲ್ಲ.

ಮೂರನೆಯದು ನಮ್ಮ ರೊಟ್ಟಿಯಲ್ಲೇ ಇರುವ ಫೈಟೇಟ್, ಆರು ಫಾಸ್ಫೇಟ್ ತೋಳುಗಳ ಅಣು. ಕಾಳಿನ ಹೊಟ್ಟಿನಲ್ಲಿ, ಎಳ್ಳಿನಲ್ಲಿ ಹೇರಳ. ಇದನ್ನು ಶುದ್ಧ ಮಾಡಿ ಡಯಾಲಿಸಿಸ್ ನಡೆಯುವಾಗಲೇ ರಕ್ತಕ್ಕೆ ಹರಿಸಿ ನೋಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು: 52 ವಾರಗಳಲ್ಲಿ ಹೃದಯದ ನಾಳಗಳ ಸುಣ್ಣ ಔಷಧಿ ಪಡೆದವರಲ್ಲಿ ಶೇ 11ರಷ್ಟು, ಪಡೆಯದವರಲ್ಲಿ ಶೇ 20ರಷ್ಟು ಹೆಚ್ಚಿತು. ಗಮನಿಸಿ, ಇಬ್ಬರಲ್ಲೂ ಹೆಚ್ಚಿತು. ಮುಂದೆ ಚರ್ಮದ ನಾಳಗಳು ಸುಣ್ಣಗಟ್ಟಿ ಹುಣ್ಣಾಗುವ ಕ್ಯಾಲ್ಸಿಫಿಲಾಕ್ಸಿಸ್ ರೋಗದಲ್ಲಿ ಅದೇ ಔಷಧಿಯ ಪ್ರಯೋಗ ಗುರಿ ಮುಟ್ಟಲಿಲ್ಲ. ಈ ತನಕ ಕಾಗದದ ಮೇಲೆ ನನಗೆ ಅತಿ ಚಂದ ಕಾಣುವ ಸಂಯುಕ್ತ ಇದೇ, ಆದರೆ ನಿಮ್ಮ ಔಷಧಿ ಚೀಟಿಗೆ ಬರುವ ಹಂತದ್ದಲ್ಲ. ಜೋಳದ ರೊಟ್ಟಿ ಹೆಚ್ಚು ತಿಂದು ಅದರ ಫಲ ಪಡೆಯೋಣವೆಂದರೆ ರಕ್ತಕ್ಕೆ ಸೇರುವುದು ಅತ್ಯಲ್ಪ, ಕರುಳಿನಲ್ಲಿ ಕಬ್ಬಿಣ ಮತ್ತು ಸತುವನ್ನು ಹಿಡಿದಿಡುವುದೇ ಹೆಚ್ಚು. ರೊಟ್ಟಿಯನ್ನು ರುಚಿಗಾಗಿ ತಿನ್ನೋಣ.

ಹೈಪೋ

ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆ ನೋಡಿದ ವಯಸ್ಸಿನವರಿಗೆ ಹೈಪೋ ಗೊತ್ತು: ಸೋಡಿಯಂ ಥಯೋಸಲ್ಫೇಟ್, ಕಲ್ಲುಸಕ್ಕರೆಯಂಥ ಹರಳು. ನಾವು ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ದಿನವೂ ಬಳಸುತ್ತಿದ್ದೆವು. ಸಯನೈಡ್ ವಿಷಕ್ಕೆ ಪ್ರತಿವಿಷವೂ ಹೌದು; ಅದಿರಿನಿಂದ ಚಿನ್ನ ಬಿಡಿಸಲು ಸಯನೈಡ್ ಬಳಸುವ ಹಟ್ಟಿಯಂಥ ಕಡೆ ಈ ಹೆಸರು ಹೊಸತಲ್ಲ.

ಈಗ ಹೇಳಿದ ಕ್ಯಾಲ್ಸಿಫಿಲಾಕ್ಸಿಸ್‌ಗೆ, ತೊಡೆ-ಹೊಟ್ಟೆಯ ಚರ್ಮ ಕಪ್ಪಾಗಿ ತಡೆಯಲಾರದ ನೋವು ಕೊಡುವ ಆ ರೋಗಕ್ಕೆ, ಡಯಾಲಿಸಿಸ್‌ನ ಕೊನೆಯ ತಾಸಿನಲ್ಲಿ ಸಾಮಾನ್ಯವಾಗಿ 25 ಗ್ರಾಂ ಥಯೋಸಲ್ಫೇಟ್ ಹರಿಸುತ್ತಾರೆ. ವಾಕರಿಕೆ, ವಾಂತಿ, ರಕ್ತದಲ್ಲಿ ಆಮ್ಲ ಹೆಚ್ಚುವುದು ಉಂಟು. ಕ್ಯಾಲ್ಸಿಯಂ ಜೊತೆ ಅದರ ಹಿಡಿತ ಸಡಿಲ, ಕೆಲಸ ಮಾಡುವ ಬಗೆಯ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಪುರಾವೆಯೂ ಹೆಚ್ಚಾಗಿ ಒಬ್ಬೊಬ್ಬ ರೋಗಿಯ ಅನುಭವದಿಂದ ಬಂದದ್ದು. ಇಲಿಗಳಲ್ಲಿ ನಾಳದ ಸುಣ್ಣವನ್ನು ತಡೆದಾಗ ಎಲುಬಿನ ಬಲವನ್ನೂ ಕುಗ್ಗಿಸಿತು. ಪ್ರಾಣಕ್ಕೆ ಕುತ್ತಾದ ರೋಗಕ್ಕೆ ಇದು ಸಲ್ಲುವ ಆಯ್ಕೆ. ಎಕ್ಸ್‌ರೇಯಲ್ಲಿ ಬಿಳಿಗೆರೆ ಕಂಡಿತೆಂದು ಮುಂಜಾಗ್ರತೆಗೆ ಕೇಳುವಂಥದ್ದಲ್ಲ.

ಅಳಿಯ ಕೇಳಿದ ಕೆ2, ಮತ್ತು ಮೆಗ್ನೀಶಿಯಂ

ನಾಳದ ಗೋಡೆಯ ಗ್ಲಾ ಪ್ರೋಟೀನ್ ಕೆಲಸ ಮಾಡಬೇಕಾದರೆ ವಿಟಮಿನ್ ಕೆ ಬೇಕು. ಇದು ನಿಜ. ಡಯಾಲಿಸಿಸ್‌ನವರಲ್ಲಿ ಕೆಲಸಕ್ಕೆ ಬಾರದ ಗ್ಲಾ ಪ್ರೋಟೀನ್ ಹೆಚ್ಚಿರುವುದೂ ನಿಜ. ಕೆ2 ಕೊಟ್ಟರೆ ಆ ಅಳತೆ ಸುಧಾರಿಸುವುದೂ ನಿಜ. ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ. ಮುಂದಿನ ಮೆಟ್ಟಿಲು, ಅಂದರೆ ಸುಣ್ಣ ಕಡಿಮೆಯಾಯಿತೇ ಎಂದು ನೋಡಿದಾಗ, 2022ರಲ್ಲಿ ಡೆನ್ಮಾರ್ಕಿನಿಂದ ಬಂದ ಉತ್ತರ: ಹೃದಯದ ಕವಾಟದಲ್ಲಿ ಸುಣ್ಣವಿದ್ದ 365 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ದಿನಕ್ಕೆ 720 ಮೈಕ್ರೋಗ್ರಾಂ ಕೆ2 ಜೊತೆ ವಿಟಮಿನ್ ಡಿ ಕೊಟ್ಟರೂ ಸುಣ್ಣದ ನಡೆ ನಿಧಾನವಾಗಲಿಲ್ಲ. ಕೆ2 ಹನಿ ಹಾನಿ ಮಾಡುವುದಕ್ಕಿಂತ ಜೇಬು ಖಾಲಿ ಮಾಡುವುದು ಹೆಚ್ಚು. ಒಂದು ಗುಂಪಿಗೆ ಮಾತ್ರ ಹಾನಿಯೇ: ಕೃತಕ ಕವಾಟ ಹಾಕಿಸಿಕೊಂಡು ವಾರ್ಫರಿನ್ ಅಥವಾ ಅಸೆನೊಕುಮರಾಲ್ ನುಂಗುವವರು. ಆ ಮಾತ್ರೆಗಳು ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಹನಿ ಬಿದ್ದರೆ ರಕ್ತ ಹೆಪ್ಪುಗಟ್ಟಿ ಕವಾಟ ಸಿಕ್ಕಿಕೊಳ್ಳಬಹುದು. ವಾರ್ಫರಿನ್ ಸುಣ್ಣವನ್ನು ಹೆಚ್ಚಿಸುತ್ತದೆ ಎಂಬುದೂ ಸುಳ್ಳಲ್ಲ. ಡಯಾಲಿಸಿಸ್‌ನಲ್ಲಿದ್ದು ಅದನ್ನು ನುಂಗುತ್ತಿರುವವರು ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಬೇಕು, ತಾವಾಗಿ ಬಿಡಬಾರದು.

ಮೆಗ್ನೀಶಿಯಂ ಹರಳು ಬಲಿಯುವುದನ್ನು ನಿಧಾನ ಮಾಡುತ್ತದೆ. 2019ರಲ್ಲಿ ಜಪಾನಿನ ಒಂದು ಸಣ್ಣ ಪ್ರಯೋಗ ಭರವಸೆ ಕೊಟ್ಟಿತು, 2023ರಲ್ಲಿ ಯುರೋಪಿನ ಇನ್ನೊಂದು ಅದನ್ನು ಕಿತ್ತುಕೊಂಡಿತು. ಕಿಡ್ನಿ ಸೋತವರಲ್ಲಿ ಮೆಗ್ನೀಶಿಯಂ ಏರಿದರೆ ಸ್ನಾಯು, ಉಸಿರು ಎರಡೂ ಸೊರಗುತ್ತವೆ.

ಇವುಗಳ ಜೊತೆ ಒಂದು ಬೇಡದ ಆಯ್ಕೆಯನ್ನೂ ಹೇಳಬೇಕು. ಮೊಣಕಾಲು ನೋವಿಗೆ 6 ಲಕ್ಷ ಯೂನಿಟ್‌ಗಳ ವಿಟಮಿನ್ ಡಿ ಚುಚ್ಚುಮದ್ದನ್ನು ರಕ್ತ ಪರೀಕ್ಷಿಸದೆ ಮತ್ತೆ ಮತ್ತೆ ಹಾಕಿಸಿಕೊಳ್ಳುವವರು ನಮ್ಮ ಊರುಗಳಲ್ಲಿ ಬಹಳ. ಅತಿಯಾದ ವಿಟಮಿನ್ ಡಿ ಕ್ಯಾಲ್ಸಿಯಂ ಏರಿಸಿ ಕಿಡ್ನಿಯಲ್ಲೇ ಸುಣ್ಣ ಕೂರಿಸುತ್ತದೆ.

ಇಡಿಟಿಎ ಎಂಬ ಆಸೆ

ನೀರಿನ ಗಡಸುತನ ಅಳೆಯುವವರ ಕೈಯಲ್ಲಿ ಇಡಿಟಿಎ ಎಂಬ, ಕ್ಯಾಲ್ಸಿಯಂ ಅನ್ನು ಹಿಡಿದಿಡುವ ರಾಸಾಯನಿಕ ತುಂಬಿದ ಬ್ಯೂರೆಟ್ (ಹನಿ ಅಳೆದು ಬಿಡುವ ಗಾಜಿನ ಕೊಳವೆ) ಸದಾ ಇರುತ್ತದೆ. ದ್ರಾಕ್ಷಿ ಕೆಂಪಿನ ನೀರಿಗೆ ಹನಿಹನಿಯಾಗಿ ಬಿಟ್ಟರೆ ಕೊನೆಯ ಕ್ಯಾಲ್ಸಿಯಂ ಸಿಕ್ಕಿಬಿದ್ದ ಕ್ಷಣ ಇಡೀ ಫ್ಲಾಸ್ಕ್ ನೀಲಿಯಾಗುತ್ತದೆ. ಸಾವಿರ ಸಲ ನೋಡಿದರೂ ಬೇಸರವಾಗದ ಬಣ್ಣ. ಒಂದು ಕ್ಯಾಲ್ಸಿಯಂಗೆ ಒಂದು ಇಡಿಟಿಎ, ಇದು ಅದರ ಲೆಕ್ಕ. ಹಾಗಿದ್ದ ಮೇಲೆ ನಾಳದ ಸುಣ್ಣವನ್ನೂ ಎಳೆದು ತೆಗೆಯಲಿ ಎಂಬ ಆಸೆಗೆ "ಕೀಲೇಶನ್" ಎಂಬ ಹೆಸರಿನ ವ್ಯಾಪಾರ ನಡೆದಿದೆ. ಅದು ಮೊದಲು ಕಟ್ಟಿಹಾಕುವುದು ರಕ್ತದಲ್ಲಿ ತೇಲುವ ಕ್ಯಾಲ್ಸಿಯಂ ಅನ್ನು, ಹೃದಯ ಬಡಿಯಲು ಬೇಕಾದದ್ದನ್ನೇ. ಅಮೆರಿಕದಲ್ಲಿ ತಪ್ಪು ಬಗೆಯ ಇಡಿಟಿಎ ಹರಿಸಿ ಮಕ್ಕಳೂ ಸೇರಿ ಸಾವುಗಳಾದವು. 2013ರಲ್ಲಿ 1,708 ಹೃದಯಾಘಾತದ ರೋಗಿಗಳ ಪ್ರಯೋಗ ಅಲ್ಪ ಲಾಭ ತೋರಿತ್ತು. 2024ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗದಲ್ಲಿ ಅದೂ ಕಾಣಲಿಲ್ಲ. ಇದನ್ನು ಬಿಟ್ಟುಬಿಡಿ.

ನೀರಿನಿಂದಲೇ ಬಂದ ಸುಣ್ಣ

ಕೊಪ್ಪಳ, ರಾಯಚೂರು, ಬಳ್ಳಾರಿಯ ಹಲವು ಹಳ್ಳಿಗಳ ಬೋರಿನಲ್ಲಿ ಫ್ಲೋರೈಡ್ ಇದೆ. ಹಲ್ಲಿಗೆ ಕಂದು ಬರುವುದು ಎಲ್ಲರಿಗೂ ಗೊತ್ತು. ದಶಕಗಟ್ಟಲೆ ಕುಡಿದವರಲ್ಲಿ ಬೆನ್ನುಹುರಿಯ ಸುತ್ತಲಿನ ಕಟ್ಟುನಾರುಗಳು ಸುಣ್ಣಗಟ್ಟಿ ಕುತ್ತಿಗೆ ತಿರುಗದು, ಬೆನ್ನು ಬಾಗದು. ಇವರಿಗೆ ಮೇಲಿನ ಯಾವ ಸಂಯುಕ್ತವೂ ಆಯ್ಕೆಯಲ್ಲ. ಆಯ್ಕೆ ಇರುವುದು ನೀರಿನಲ್ಲಿ: ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿಗೆ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಗಡಸುತನ ಸ್ವಲ್ಪ ಇಳಿಯುತ್ತದೆ, ಫ್ಲೋರೈಡ್ ಇಳಿಯುವುದಿಲ್ಲ. ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್ ವ್ಯರ್ಥ. ಊರಿನ ಆರ್‌ಒ ಘಟಕ, ಸಕ್ರಿಯ ಅಲ್ಯೂಮಿನಾ ಫಿಲ್ಟರ್, ನದಿ ನೀರಿನ ನಲ್ಲಿ, ಛಾವಣಿಯ ಮಳೆನೀರು, ಇವುಗಳಲ್ಲಿ ಕೈಗೆಟುಕಿದ್ದನ್ನು ಕುಡಿಯಲು ಮತ್ತು ಅಡುಗೆಗೆ ಇಟ್ಟುಕೊಳ್ಳಿ. ಸ್ನಾನಕ್ಕೆ, ಬಟ್ಟೆಗೆ ಬೋರಿನದೇ ಸಾಕು. ಬೇಳೆ ಬೇಯಿಸುವ ನೀರನ್ನು ಮರೆಯುವವರೇ ಹೆಚ್ಚು.

ಅಳಿಯನಿಗೆ ಕೊನೆಗೆ ಹೀಗೆ ಬರೆದೆ: ಹನಿ ತರಿಸಬೇಡ. ಆ ದುಡ್ಡಿಗೆ ಅವ್ವನ ಫಾಸ್ಫೇಟ್, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಹಾರ್ಮೋನ್) ಪರೀಕ್ಷೆ ಮಾಡಿಸು. ಚೀಟಿ ಹಿಡಿದುಕೊಂಡು ಕ್ಯಾಲ್ಸಿಯಂ ಬೈಂಡರ್ ಬದಲಿಸಬಹುದೇ ಎಂದು ಕೇಳು. ನಿನ್ನ ಹರಳನ್ನು ಜೇಬಿನಿಂದ ತೆಗೆದು ಪ್ರಯೋಗಾಲಯಕ್ಕೆ ಕೊಡು.

ಮೊನ್ನೆ ಹೋದಾಗ ಗೂಡಿನಲ್ಲಿ ಅಕ್ಕನ ಔಷಧಿ ಮಾತ್ರ ಇತ್ತು. ಬೈಂಡರಿನ ಡಬ್ಬಿ ಅಲ್ಲೂ ಇರಲಿಲ್ಲ; ಅಡುಗೆಮನೆಯಲ್ಲಿ ರೊಟ್ಟಿಬುಟ್ಟಿಯ ಒಳಗೆ, ಬಟ್ಟೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು. ಸಿರಪ್ ಎಲ್ಲಿ ಎಂದು ಕೇಳಿದೆ. "ಅದನ್ನು ಅವನ ಬೈಕಿನ ಡಿಕ್ಕಿಯಲ್ಲಿ ಹಾಕಿಸಿದ್ದೇನೆ. ನೀನು ಮತ್ತೆ ನನ್ನ ಕೈ ತಿರುಚುವುದು ಬೇಡ" ಎಂದಳು.